ವೆಸ್ಟ್, ಸ್ಲಿಂಗ್, ಹಿಪ್ ಪ್ಯಾಕ್: ಫ್ಲೈ ಫಿಶಿಂಗ್‌ಗೆ ಸಾಮಾನು ಹೊರುವುದು ಹೇಗೆ?

ಡೆನ್ವರ್_ಗಾಳ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೊಲರಾಡೋದಲ್ಲಿ. ಫ್ಲೈ ಫಿಶಿಂಗ್‌ಗೆ (ಹುಳದ ಹಾಗೆ ಕಟ್ಟಿದ ನಕಲಿ ಗಾಳ, ಅಂದರೆ ಫ್ಲೈ, ಬೀಸಿ ಮೀನು ಹಿಡಿಯುವುದು) ಸೌತ್ ಪ್ಲಾಟ್ ನದಿಗೆ ಹೋಗುತ್ತಿರುತ್ತೇನೆ, ಒಂದೋ ಡೆಕ್ಕರ್ಸ್, ಇಲ್ಲ ಅದರ ಮೇಲಿನ ಚೀಸ್‌ಮನ್ ಕ್ಯಾನ್ಯನ್. ಡೆಕ್ಕರ್ಸ್‌ನಲ್ಲಿ ತಲೆನೋವಿಲ್ಲ. ರಸ್ತೆ ಪಕ್ಕದಲ್ಲೇ ಹೊಳೆ, ಏನಾದರೂ ಬೇಕಾದರೆ ಕಾರಿನ ಹತ್ತಿರ ಹೋಗಿ ಬರಬಹುದು. ಕ್ಯಾನ್ಯನ್ ಹಾಗಲ್ಲ. ಗಿಲ್ ಟ್ರೇಲ್ ಹಿಡಿದು ನಡೆದೇ ಒಳಗೆ ಹೋಗಬೇಕು, ಬಂಡೆ ಹತ್ತಿ ಇಳಿಯಬೇಕು, ದಿನಕ್ಕೆ ಬೇಕಾದ ಅಷ್ಟೂ ಸಾಮಾನು ಮೈಮೇಲೇ ಇರಬೇಕು.

ಈಗ ಹಾಕುತ್ತಿರುವುದು ಮಾಮೂಲಿ ವೆಸ್ಟ್, ಮೈತುಂಬ ಜೇಬಿರುವ ತೋಳಿಲ್ಲದ ಕೋಟು. ಮಧ್ಯಾಹ್ನ ಆಗುವಷ್ಟರಲ್ಲಿ ಕತ್ತಿನ ಹಿಂದೆ, ಭುಜ ಶುರುವಾಗುವ ಜಾಗ ಬಿಗಿದುಕೊಂಡುಬಿಡುತ್ತದೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಬಗ್ಗಿದ ಕತ್ತು, ಅದಕ್ಕೆ ಶನಿವಾರವೂ ರಜೆ ಇಲ್ಲ. ಒಳಗೆ ಏನಿದೆ ಅಂದರೆ ಆರು ಫ್ಲೈ ಬಾಕ್ಸ್, 3ಎಕ್ಸ್‌ನಿಂದ 7ಎಕ್ಸ್‌ವರೆಗೆ ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ, ನಂಬರ್ ಏರಿದಷ್ಟೂ ತೆಳ್ಳಗೆ), ಒಂದಷ್ಟು ಲೀಡರ್ (ಲೈನಿಗೂ ಟಿಪ್ಪೆಟ್ಟಿಗೂ ನಡುವಿನ ದಾರ), ಫ್ಲೈ ತೇಲಿಸುವ ಫ್ಲೋಟೆಂಟ್, ಮುಳುಗಿಸುವ ಸಣ್ಣ ಗುಂಡು ಸ್ಪ್ಲಿಟ್ ಶಾಟ್, ಮೀನು ಕಚ್ಚಿದ್ದು ತೋರಿಸುವ ಇಂಡಿಕೇಟರ್, ಗಾಳ ಬಿಡಿಸುವ ಇಕ್ಕಳ ಫೋರ್ಸೆಪ್ಸ್, ದಾರ ಕತ್ತರಿಸುವ ನಿಪ್ಪರ್, ಹಿಂದಿನ ಜೇಬಲ್ಲಿ ಮಳೆ ಜಾಕೆಟ್, ನೀರಿನ ಬಾಟಲಿ, ಊಟ. ಬೆನ್ನ ಮೇಲೆ ನೆಟ್ ಬೇರೆ.

ಸ್ಲಿಂಗ್ ತಗೊಳ್ಳಲಾ, ಹಿಪ್ ಪ್ಯಾಕಾ, ಚೆಸ್ಟ್ ಪ್ಯಾಕಾ? ಅಂಗಡಿಯವರು ಪ್ರತಿಯೊಂದನ್ನೂ ಇದೇ ಬೆಸ್ಟ್ ಅನ್ನುತ್ತಾರೆ. ನೀವು ದಿನಾ ಏನು ಹಾಕುತ್ತೀರಿ, ಅದರಲ್ಲಿ ಏನು ಕಿರಿಕಿರಿ ಅಂತ ಹೇಳಿ. ಹೊಗಳಿಕೆ ಜಾಹೀರಾತಿನಲ್ಲೇ ಸಿಗುತ್ತದೆ.

ರಾರಿಟನ್_ರಾಯ

ನ್ಯೂಜೆರ್ಸಿಯಿಂದ. ನಾನು ವೆಸ್ಟ್ ಪಾರ್ಟಿ, ಮೊದಲೇ ಹೇಳಿಬಿಡುತ್ತೇನೆ.

ಅಮೆರಿಕದ ಹೆಸರಾಂತ ಫ್ಲೈ ಮೀನುಗಾರ ಲೀ ವುಲ್ಫ್ ತಾನೇ ಕೂತು ಮೊದಲ ವೆಸ್ಟ್ ಹೊಲಿದುಕೊಂಡದ್ದು 1931ರ ಸುಮಾರಿಗೆ. ಇಷ್ಟು ವರ್ಷ ಆದಮೇಲೂ ಅದು ಅಂಗಡಿಯಲ್ಲಿ ನೇತಾಡುತ್ತಿದೆ ಅಂದರೆ ಸುಮ್ನೆ ಅಲ್ಲ. ಎಡಕ್ಕೆ ಅರ್ಧ ಭಾರ, ಬಲಕ್ಕೆ ಅರ್ಧ ಭಾರ. ಯಾವ ಜೇಬಲ್ಲಿ ಏನಿದೆ ಅಂತ ಕೈಗೇ ಗೊತ್ತಿರುತ್ತದೆ. ಸಂಜೆ ಕತ್ತಲಾಗುವಾಗ ಮೀನು ಮೇಲೆ ಬಂದು ಹುಳ ತಿನ್ನಲು ಶುರು ಮಾಡಿದ ಆ ಅರ್ಧ ಗಂಟೆಯಲ್ಲಿ ಝಿಪ್ ತೆಗೆದು ಬ್ಯಾಗಿನೊಳಗೆ ತಡಕಾಡುವವರನ್ನು ಕೆನ್ ಲಾಕ್‌ವುಡ್ ಗಾರ್ಜ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಕತ್ತು ನೋಯುತ್ತಿರುವುದು ವೆಸ್ಟಿನಿಂದ ಅಲ್ಲ, ಅದರ ಕಾಲರಿನಿಂದ. ಅಗ್ಗದ ವೆಸ್ಟ್‌ಗಳಲ್ಲಿ ಬಟ್ಟೆ ಕತ್ತಿನ ಹತ್ತಿರ ಸಣ್ಣ ಪಟ್ಟಿಯಾಗಿರುತ್ತದೆ, ಇಡೀ ಭಾರ ಅಲ್ಲೇ ಕೂರುತ್ತದೆ. ಭುಜದ ಮೇಲೆ ಅಗಲವಾಗಿ ಹರಡುವ, ಒಳಗೆ ಸ್ವಲ್ಪ ಮೆತ್ತೆ ಇರುವ, ಕಾಲರಿಗೆ ಹಿಗ್ಗುವ ಹೆಣಿಗೆ ಬಟ್ಟೆ ಹಾಕಿರುವ ವೆಸ್ಟ್ ಹಾಕಿ ನೋಡಿ. ಕೊಳ್ಳುವಾಗ ಜಾಕೆಟ್ ಮೇಲೆ ಹಾಕಿಕೊಂಡು ಎರಡೂ ಕೈ ಎತ್ತಿ. ಕಂಕುಳಲ್ಲಿ ಹಿಡಿದರೆ ಅದು ನಿಮ್ಮದಲ್ಲ.

ಪುಟಾ_ಕ್ರೀಕ್_ಪುಟ್ಟ

ರಾಯರೇ, ನ್ಯೂಜೆರ್ಸಿಯ ಏಪ್ರಿಲ್‌ಗೆ ವೆಸ್ಟ್ ಸರಿ. ನಮ್ಮ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಅದು ಇನ್ನೊಂದು ಸ್ವೆಟರ್!

ನಾನು ಸ್ಲಿಂಗ್. ಒಂದೇ ಪಟ್ಟಿ, ಬ್ಯಾಗು ಬೆನ್ನ ಮೇಲೆ. ಎದೆ ಪೂರ್ತಿ ಖಾಲಿ, ಲೈನ್ ಎಲ್ಲಿಗೂ ಸಿಕ್ಕಿಕೊಳ್ಳುವುದಿಲ್ಲ. ಫ್ಲೈ ಬದಲಾಯಿಸಬೇಕು ಅನ್ನಿಸಿದಾಗ ಪಟ್ಟಿ ಹಿಡಿದು ಎಳೆದರೆ ಬ್ಯಾಗು ಕಂಕುಳ ಕೆಳಗಿಂದ ಎದೆಗೆ ಬರುತ್ತದೆ, ಮುಂದಿನ ಮುಚ್ಚಳ ತೆರೆದರೆ ಅದೇ ಮೇಜು. ಬಾಕ್ಸ್ ಅದರ ಮೇಲಿಟ್ಟು ಗಂಟು ಹಾಕಬಹುದು, ಕೈ ಜಾರಿದರೂ ಫ್ಲೈ ನೀರಿಗೆ ಬೀಳದೆ ಮುಚ್ಚಳದ ಮೇಲೇ ಬೀಳುತ್ತದೆ.

ಕಿರಿಕಿರಿ ಕೇಳಿದ್ದೀರಿ, ಹೇಳುತ್ತೇನೆ. ಒಂದೇ ಭುಜ. ಎರಡು ಬಾಕ್ಸ್, ಒಂದು ಬಾಟಲಿ ತನಕ ಗೊತ್ತಾಗುವುದಿಲ್ಲ. ಅದಕ್ಕಿಂತ ಜಾಸ್ತಿ ತುಂಬಿದರೆ ಸಂಜೆ ಹೊತ್ತಿಗೆ ಒಂದು ಕಡೆ ವಾಲಿಕೊಂಡು ನಡೆಯುತ್ತೀರಿ. ಕತ್ತು ನೋವಿರುವವರಿಗೆ ನಾನಂತೂ ಇದನ್ನು ಹೇಳುವುದಿಲ್ಲ. ಮೀನು ಬಿಡಲು ಬಗ್ಗಿದಾಗ ಬ್ಯಾಗು ತಾನೇ ಮುಂದಕ್ಕೆ ಉರುಳಿ ಬರುತ್ತದೆ, ಕಂಕುಳ ಕೆಳಗಿನ ಸಣ್ಣ ಪಟ್ಟಿ ಹಾಕಿಕೊಂಡರೆ ಬರುವುದಿಲ್ಲ. ಆ ಪಟ್ಟಿಯನ್ನು ಯಾರೂ ಹಾಕುವುದಿಲ್ಲ, ಆಮೇಲೆ ಬ್ಯಾಗನ್ನು ಬೈಯುತ್ತಾರೆ.

ಇನ್ನೊಂದು. ಕೆಲವು ಸ್ಲಿಂಗ್ ಒಂದೇ ಭುಜಕ್ಕೆ ಅಂತ ಹೊಲಿದಿರುತ್ತವೆ. ರಾಡ್ ಬೀಸುವ ಕೈಯ ಭುಜದ ಮೇಲೆ ಪಟ್ಟಿ ಬಂದರೆ ಪ್ರತಿ ಸಲ ಬೀಸಿದಾಗಲೂ ಅದು ಉಜ್ಜುತ್ತದೆ. ಎಡಗೈಯವರು ಇದನ್ನು ಕೇಳಿಯೇ ದುಡ್ಡು ಕೊಡಿ.

ಯಾಕಿಮಾ_ಕಡೆಯವನು

ಕತ್ತು ನೋವು ಅಂದಮೇಲೆ ಉತ್ತರ ಒಂದೇ ಅಲ್ವಾ? ಭಾರ ಭುಜ ಬಿಟ್ಟು ಸೊಂಟಕ್ಕೆ ಇಳಿಯಬೇಕು. ಹಿಪ್ ಪ್ಯಾಕ್.

ಆದರೆ ಒಂದು ಪ್ರಶ್ನೆ. ನೀವು ಎಷ್ಟು ಆಳಕ್ಕೆ ಇಳಿಯುತ್ತೀರಿ? ಮಂಡಿ, ತೊಡೆ ತನಕ ಇಳಿಯುವವರಿಗೆ ಹಿಪ್ ಪ್ಯಾಕ್ ಸ್ವರ್ಗ. ಸೊಂಟ ದಾಟುವವರಿಗೆ ಅದು ನೀರು ತುಂಬಿದ ಚೀಲ. ವಾಟರ್‌ಪ್ರೂಫ್ ಝಿಪ್ ಇರುವುದು ಸಿಗುತ್ತದೆ. ಫಿಶ್‌ಪಾಂಡ್‌ನ ಥಂಡರ್‌ಹೆಡ್, ಪ್ಯಾಟಗೋನಿಯಾದ ಗೈಡ್‌ವಾಟರ್ ಆ ಜಾತಿಯವು. ಬೆಲೆ ಜಾಸ್ತಿ. ಆ ಝಿಪ್ ಗಟ್ಟಿ ಕೂಡ, ಒಂದೇ ಕೈಯಲ್ಲಿ ಎಳೆಯಲು ಬರುವುದಿಲ್ಲ, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದಿರಬೇಕು. ಆಗ ರಾಡ್ ಎಲ್ಲಿ? ಕಂಕುಳಲ್ಲಿ. ಆಮೇಲೆ ಯಾರೂ ಝಿಪ್ ಪೂರ್ತಿ ಮುಚ್ಚುವುದಿಲ್ಲ, ಎರಡು ಇಂಚು ಬಿಟ್ಟುಬಿಡುತ್ತಾರೆ. ಎರಡು ಇಂಚು ತೆರೆದಿದ್ದರೆ ವಾಟರ್‌ಪ್ರೂಫ್ ಬ್ಯಾಗು ಏನು ಮಾಡುತ್ತದೆ ಗೊತ್ತಲ್ಲ, ಒಳಗೆ ಬಂದ ನೀರನ್ನು ಹೊರಗೆ ಬಿಡುವುದಿಲ್ಲ.

ಹಿಪ್ ಪ್ಯಾಕ್ ಜಾರುತ್ತದೆ ಅಂತ ದೂರುವವರು ಅದನ್ನು ಹೊಟ್ಟೆಗೆ ಕಟ್ಟಿರುತ್ತಾರೆ. ಸೊಂಟದ ಮೂಳೆಯ ಮೇಲಂಚಿಗೆ ಕೂರಬೇಕು. ಜೊತೆಗೆ ತೆಳ್ಳನೆಯ ಭುಜದ ಪಟ್ಟಿ ಒಂದಿದ್ದರೆ ಆಳ ಬಂದಾಗ ಬ್ಯಾಗನ್ನು ಪಕ್ಕೆಲುಬಿನ ತನಕ ಎತ್ತಿಕೊಳ್ಳಬಹುದು.

ಮತ್ತೆ, ಇದು ಮುಖ್ಯ: ಪ್ಯಾಕಿನ ಬೆಲ್ಟ್ ವೇಡಿಂಗ್ ಬೆಲ್ಟ್ (ವೇಡರ್ಸ್, ಅಂದರೆ ನೀರಿಗಿಳಿಯುವ ಜಲನಿರೋಧಕ ಪ್ಯಾಂಟಿನ ಮೇಲೆ ಕಟ್ಟುವ ಪಟ್ಟಿ) ಅಲ್ಲ. ಎರಡೂ ಬೇರೆ ಬೇರೆ ಇರಲಿ. ವೇಡಿಂಗ್ ಬೆಲ್ಟ್ ಬಿಗಿಯಾಗಿದ್ದರೆ ಬಿದ್ದಾಗ ವೇಡರ್ಸ್ ಒಳಗೆ ನೀರು ನುಗ್ಗುವುದು ನಿಧಾನವಾಗುತ್ತದೆ, ಅದನ್ನು ಬಿಚ್ಚಲೇಬಾರದು. ಪ್ಯಾಕಿನದ್ದು ಬೇಕೆಂದಾಗ ಬಿಚ್ಚಿ ಬಿಸಾಡುವಂತಿರಬೇಕು. ಎರಡೂ ಬಕಲ್ ಒಂದರ ಮೇಲೊಂದು ಹೊಟ್ಟೆ ಮುಂದೆ ಬಂದರೆ ಗಾಬರಿಯಲ್ಲಿ ಯಾವುದು ಯಾವುದೋ. ನನ್ನ ವೇಡಿಂಗ್ ಬೆಲ್ಟಿನ ಬಕಲ್ ಪಕ್ಕಕ್ಕೆ ಇರುತ್ತದೆ, ಪ್ಯಾಕಿನದ್ದು ಮುಂದೆ.

ಸ್ಪ್ರಿಂಗ್‌ಕ್ರೀಕ್_ಶ್ಯಾವಿಗೆ

ಇಲ್ಲಿ ಹೆಂಗಸರು ನಾನೊಬ್ಬಳೇ ಇರಬೇಕು, ಹಾಗಾಗಿ ಯಾರೂ ಹೇಳದ ವಿಷಯ ಹೇಳುತ್ತೇನೆ. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಹತ್ತಿರ ಇದ್ದೇನೆ.

ಚೆಸ್ಟ್ ಪ್ಯಾಕ್ ಮತ್ತು ಸ್ಲಿಂಗ್ ಎರಡನ್ನೂ ಗಂಡಸರ ಎದೆ ನೋಡಿ ಹೊಲಿದಿರುತ್ತಾರೆ. ಸ್ಲಿಂಗಿನ ಅಗಲ ಪಟ್ಟಿ ಎದೆ ಮೇಲೆ ಅಡ್ಡ ಬಂದು ಒತ್ತುತ್ತದೆ. ಚೆಸ್ಟ್ ಪ್ಯಾಕ್ ಎದೆಯಿಂದ ಮುಂದಕ್ಕೆ ಇನ್ನಷ್ಟು ಚಾಚಿಕೊಂಡು ಕೂರುತ್ತದೆ, ನನಗೆ ನನ್ನ ಕಾಲೇ ಕಾಣುವುದಿಲ್ಲ. ಪೆನ್ಸ್ ಕ್ರೀಕ್‌ನ ಜಾರುಗಲ್ಲಿನ ಮೇಲೆ ಕಾಲು ಕಾಣದೆ ನಡೆಯುವುದು ಎಂಥ ಸುಖ ಅಂತ ಹೋಗಿ ನೋಡಿ. ಗಂಡಸರಿಗೂ ಅಷ್ಟೇ, ಹೊಟ್ಟೆ ಇದ್ದವರು ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ನಾನು ಮಾಡುವುದು: ಕೊರಳಿಗೆ ಲ್ಯಾನ್ಯಾರ್ಡ್, ಸಾಮಾನು ನೇತುಹಾಕುವ ದಾರ. ಅದರಲ್ಲಿ ನಿಪ್ಪರ್, ಫೋರ್ಸೆಪ್ಸ್, ಎರಡು ಟಿಪ್ಪೆಟ್, ಫ್ಲೋಟೆಂಟ್. ಕೆಳತುದಿಯನ್ನು ಅಂಗಿಗೋ ವೇಡರ್ಸ್‌ಗೋ ಕ್ಲಿಪ್ ಮಾಡಬೇಕು, ಇಲ್ಲದಿದ್ದರೆ ಬಗ್ಗಿದಾಗಲೆಲ್ಲ ನೀರಿನಲ್ಲಿ ತೇಲಾಡುತ್ತದೆ. ಸೊಂಟಕ್ಕೆ ಸಣ್ಣ ಪ್ಯಾಕ್, ಎರಡು ಬಾಕ್ಸ್ ಹಿಡಿಯುವಷ್ಟು. ಐದು ನಿಮಿಷಕ್ಕೊಮ್ಮೆ ಬೇಕಾದದ್ದು ಕೊರಳಲ್ಲಿ, ಗಂಟೆಗೊಮ್ಮೆ ಬೇಕಾದದ್ದು ಸೊಂಟದಲ್ಲಿ. ಊಟ ಕಾರಲ್ಲಿ. ನಮ್ಮ ಸ್ಪ್ರಿಂಗ್ ಕ್ರೀಕ್‌ಗೆ ಇದು ಸಾಕು. ನಿಮ್ಮ ಕ್ಯಾನ್ಯನ್‌ಗೆ ಊಟ ಕಾರಲ್ಲಿ ಬಿಡಲು ಆಗಲ್ಲ, ಅದು ಬೇರೆ ಲೆಕ್ಕ.

ರಾರಿಟನ್_ರಾಯ

ಮೇಡಂ, ಹೊಟ್ಟೆ ವಿಷಯ ನನಗೆ ಹೇಳಿದಿರೋ ಎಲ್ಲರಿಗೂ ಹೇಳಿದಿರೋ 😄

ಚೆಸ್ಟ್ ಪ್ಯಾಕ್ ಬಗ್ಗೆ ಒಪ್ಪಿದೆ. ಇನ್ನೊಂದು ಸೇರಿಸುತ್ತೇನೆ. ಎದೆ ಮೇಲೆ ಝಿಂಗರ್ (ಎಳೆದರೆ ಬಂದು ಬಿಟ್ಟರೆ ಸುತ್ತಿಕೊಳ್ಳುವ ದಾರದ ಕೊಂಡಿ), ಕತ್ತರಿ, ಬಾಟಲಿ ಅಂತ ದಸರಾ ಆನೆಗೆ ಅಲಂಕಾರ ಮಾಡಿದ ಹಾಗೆ ನೇತುಹಾಕಿಕೊಂಡವರ ಲೈನ್ ಪ್ರತಿ ಸಲವೂ ಅದಕ್ಕೇ ಸುತ್ತಿಕೊಳ್ಳುತ್ತದೆ. ಎಡಗೈಯಲ್ಲಿ ಎಳೆದ ಲೈನ್ ಸಡಿಲವಾಗಿ ಹೊಟ್ಟೆ ಮುಂದೆ ಬೀಳುವುದು, ಸಿಕ್ಕಿಕೊಳ್ಳುವ ಜಾಗವೂ ಅದೇ. ವೆಸ್ಟ್ ಆದರೂ ಅಷ್ಟೇ, ಪ್ಯಾಕ್ ಆದರೂ ಅಷ್ಟೇ, ಹೊರಗೆ ಎರಡೇ ವಸ್ತು ಇರಲಿ. ನಿಪ್ಪರ್ ಒಂದು, ಫೋರ್ಸೆಪ್ಸ್ ಇನ್ನೊಂದು. ಫೋರ್ಸೆಪ್ಸ್ ಕೂಡ ಬಟ್ಟೆಯ ಪಟ್ಟಿಯೊಳಗೆ ಸಿಕ್ಕಿಸಿ.

ಡೆನ್ವರ್_ಗಾಳ

ತುಂಬಾ ಥ್ಯಾಂಕ್ಸ್. ಆಳದ ಪ್ರಶ್ನೆ ಕೇಳಿದ್ದಕ್ಕೆ: ಮಂಡಿ ಮೇಲೆ ಅಪರೂಪ. ಕ್ಯಾನ್ಯನ್‌ನಲ್ಲಿ ನೀರು ತಿಳಿಯಾಗಿರುತ್ತದೆ, ಮೀನು ನಮ್ಮನ್ನು ನೋಡಿಬಿಡುತ್ತದೆ, ದಡದಿಂದಲೇ ಹಾಕುವುದು ಜಾಸ್ತಿ.

ನೆಟ್ ಎಲ್ಲಿ ಇಡುತ್ತೀರಿ? ವೆಸ್ಟಿನ ಬೆನ್ನಿಗೆ ರಿಂಗ್ ಇದೆ, ಹಿಪ್ ಪ್ಯಾಕಿಗೆ ಹೋದರೆ ಅದು ಇರುವುದಿಲ್ಲ.

ಸ್ಪ್ರಿಂಗ್‌ಕ್ರೀಕ್_ಶ್ಯಾವಿಗೆ

ಹಿಗ್ಗುವ ದಾರಕ್ಕೆ ಕಟ್ಟಿದ ನೆಟ್ ಇದ್ದರೆ ಇವತ್ತೇ ಬಿಚ್ಚಿಡಿ. ಇಲ್ಲಿನ ಬೆಟ್ಟದ ತೊರೆಗಳ ಪಕ್ಕ ರೋಡೋಡೆಂಡ್ರಾನ್ ಪೊದೆ ದಟ್ಟವಾಗಿರುತ್ತದೆ. ಅದರೊಳಗೆ ನುಗ್ಗಿದಾಗ ನೆಟ್ಟಿನ ಬಲೆ ಒಂದು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ನಿಮಗೆ ಗೊತ್ತಾಗುವುದಿಲ್ಲ, ನಡೆಯುತ್ತಾ ಹೋಗುತ್ತೀರಿ, ದಾರ ಹಿಗ್ಗುತ್ತಾ ಹೋಗುತ್ತದೆ, ಆಮೇಲೆ ಕೊಂಬೆ ಬಿಟ್ಟುಕೊಡುತ್ತದೆ. ಮರದ ಹಿಡಿ ನೇರವಾಗಿ ಬೆನ್ನಿನ ಮಧ್ಯಕ್ಕೆ. ನನ್ನ ಗಂಡ ಕಿರುಚಿದ ಸದ್ದಿಗೆ ಅವತ್ತು ಆ ತೊರೆಯ ಮೀನೆಲ್ಲ ಕೆಳಗಿನ ಕೌಂಟಿಗೆ ಓಡಿಹೋಗಿರಬೇಕು.

ಮ್ಯಾಗ್ನೆಟ್ ಹಾಕಿ. ಎರಡು ತುಂಡು, ಒಂದು ಕತ್ತಿನ ಹಿಂದೆ, ಇನ್ನೊಂದು ನೆಟ್ಟಿಗೆ. ಎಳೆದರೆ ಬಿಡುತ್ತದೆ, ಹತ್ತಿರ ತಂದರೆ ತಾನೇ ಅಂಟಿಕೊಳ್ಳುತ್ತದೆ. ಎರಡರ ನಡುವೆ ಸುರುಳಿ ದಾರ ಇರಲಿ, ಇಲ್ಲದಿದ್ದರೆ ಪೊದೆ ನಿಮ್ಮ ನೆಟ್ ಇಟ್ಟುಕೊಳ್ಳುತ್ತದೆ.

ಯಾಕಿಮಾ_ಕಡೆಯವನು

ಹಿಪ್ ಪ್ಯಾಕಿನವರಿಗೆ ಇನ್ನೂ ಸುಲಭ. ಕೆಲವು ಪ್ಯಾಕ್‌ಗಳಲ್ಲಿ ಬೆನ್ನಿಗೂ ಬ್ಯಾಗಿಗೂ ನಡುವೆ, ಇಲ್ಲ ಬ್ಯಾಗಿನ ಕೆಳಗೆ, ನೆಟ್ಟಿನ ಹಿಡಿ ತೂರಿಸಲು ಜಾಗ ಕೊಟ್ಟಿರುತ್ತಾರೆ. ಅದಿಲ್ಲದಿದ್ದರೆ ವೇಡಿಂಗ್ ಬೆಲ್ಟಿಗೇ ಹಿಂದುಗಡೆ ಸಿಕ್ಕಿಸಿ. ಬಲೆ ರಬ್ಬರಿನದ್ದೇ ತಗೊಳ್ಳಿ. ಹಳೇ ನೂಲಿನ ಬಲೆಗೆ ಗಾಳದ ಮುಳ್ಳು ಸಿಕ್ಕಿಕೊಳ್ಳುತ್ತದೆ, ಮೀನಿನ ಮೈಮೇಲಿನ ಲೋಳೆಯನ್ನೂ ಉಜ್ಜಿ ತೆಗೆಯುತ್ತದೆ. ರಬ್ಬರ್ ಸ್ವಲ್ಪ ಭಾರ, ಪರವಾಗಿಲ್ಲ.

ತೀರ್ಥನ್_ಯಾತ್ರಿ

ಬೆಂಗಳೂರಿನಿಂದ. ಅಮೆರಿಕದವರ ನಡುವೆ ನಮ್ಮದೂ ಒಂದು ಮಾತು.

ನಾನು ಟ್ರೌಟ್‌ಗೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುತ್ತೇನೆ. ನವೆಂಬರ್‌ನಿಂದ ಫೆಬ್ರವರಿ ಕೊನೆ ತನಕ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ, ಹಾಗಾಗಿ ಮಾರ್ಚ್–ಏಪ್ರಿಲ್, ಇಲ್ಲ ಮಳೆ ಮುಗಿದ ಮೇಲೆ ಅಕ್ಟೋಬರ್. ಬೆಳಿಗ್ಗೆ ಚಳಿ, ಹನ್ನೊಂದಕ್ಕೆ ಬಿಸಿಲು, ಹಾಗಾಗಿ ಕಳಚಿದ ಸ್ವೆಟರ್ ಇಡಲು ಜಾಗ ಬೇಕು. ನೀವು ಹೇಳುವ ಪ್ಯಾಕ್ ಯಾವುದೂ ನಮ್ಮ ಹತ್ತಿರದ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಿದರೆ ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ.

ನಾನು ಬಳಸುವುದು ಹಳೇ ಕ್ಯಾಮೆರಾ ಬ್ಯಾಗು, ಸೊಂಟಕ್ಕೆ ಕಟ್ಟುವಂಥದ್ದು. ಲೆನ್ಸ್ ಇಡುವ ಮೆತ್ತನೆಯ ತಡೆಗಳನ್ನು ಸರಿಸಿದರೆ ಫ್ಲೈ ಬಾಕ್ಸ್ ನಿಂತುಕೊಳ್ಳುತ್ತದೆ, ಅಲ್ಲಾಡುವುದಿಲ್ಲ. ನಮ್ಮ ಬೀದಿಯ ಬ್ಯಾಗ್ ರಿಪೇರಿಯವರ ಹತ್ತಿರ ಹೊರಗಡೆ ಎರಡು ಕುಣಿಕೆ, ಒಂದು ಡಿ ರಿಂಗ್ ಹೊಲಿಸಿಕೊಂಡೆ. ಟಿಪ್ಪೆಟ್ ಸುರುಳಿಗಳನ್ನು ಒಂದು ದಾರಕ್ಕೆ ಪೋಣಿಸಿ ಆ ಕುಣಿಕೆಗಳ ನಡುವೆ ಕಟ್ಟಿದ್ದೇನೆ. ಮಳೆ ಕವರ್ ಬ್ಯಾಗಿನ ಜೊತೆಗೇ ಬಂದಿತ್ತು. ಜಾಕೆಟ್, ಸ್ವೆಟರ್, ಪರಾಠ ಎಲ್ಲ ಸಣ್ಣ ಬೆನ್ನು ಚೀಲದಲ್ಲಿ, ಅದನ್ನು ದಡದ ಬಂಡೆ ಮೇಲಿಟ್ಟು ಅಲ್ಲಲ್ಲೇ ಮೀನು ಹಿಡಿಯುತ್ತೇನೆ. ಹೊಳೆಗೆ ಇಳಿದಾಗ ಮೈಮೇಲೆ ಇರುವುದು ಸೊಂಟದ್ದು ಮಾತ್ರ.

ನಮ್ಮ ಕಡೆ ಮಹಸೀರ್ ಹಿಡಿದು ಬಿಡುವವರು ಎಂಟು, ಹತ್ತು ವೆಯ್ಟಿನ (ದೊಡ್ಡ ಮೀನಿಗೆ ಬೇಕಾದ ಗಟ್ಟಿ) ರಾಡ್ ಹಿಡಿಯುತ್ತಾರಲ್ಲ, ಅವರ ಬಾಕ್ಸೇ ದೊಡ್ಡದು. ಅವರಿಗೆ ಇದು ಸಾಲದು.

ಒಂದೇ_ದಾರ

ತೆಂಕಾರಾ, ಜಪಾನಿನ ಪದ್ಧತಿ. ರೀಲ್ ಇಲ್ಲ, ಒಂದು ಉದ್ದ ಕಡ್ಡಿ, ತುದಿಗೆ ಲೈನ್. ಅಂಗಿ ಜೇಬಲ್ಲಿ ಒಂದು ಬಾಕ್ಸ್, ಒಂದು ಟಿಪ್ಪೆಟ್, ನಿಪ್ಪರ್. ಚರ್ಚೆ ಮುಗಿಯಿತು.

ಪುಟಾ_ಕ್ರೀಕ್_ಪುಟ್ಟ

ಬಂದರು ನೋಡಿ ಸನ್ಯಾಸಿಗಳು. ಗುರುಗಳೇ, ನೀರು ಎಲ್ಲಿ ಇಡುತ್ತೀರಿ?

ಒಂದೇ_ದಾರ

ಹೊಳೆಯಲ್ಲಿ. ಫಿಲ್ಟರ್ ಇರುವ ಬಾಟಲಿ, ಖಾಲಿ ಹೊತ್ತುಕೊಂಡು ಹೋಗುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಕೇಳಿದವರ ಪಟ್ಟಿಯಲ್ಲಿ ಅಷ್ಟು ತೂಕದ್ದು ಬೇರೆ ಯಾವುದೂ ಇಲ್ಲ. ಬ್ಯಾಗು ಬದಲಾಯಿಸುವ ಮುಂಚೆ ಅದನ್ನು ಬದಲಾಯಿಸಿ.

ಯಾಕಿಮಾ_ಕಡೆಯವನು

ಇವರು ಹೇಳಿದ್ದು ಸರಿ. ಅದೇ ದಾರಿಯಲ್ಲಿ ಇನ್ನೊಂದು. ಡೆನ್ವರ್ ಅವರೇ, ಚೀಸ್‌ಮನ್‌ಗೆ ಆರು ಬಾಕ್ಸ್ ಯಾಕೆ? ಅಲ್ಲಿ ನಡೆಯುವುದು 20, 22, 24ನೇ ನಂಬರಿನ (ನಂಬರ್ ಏರಿದಷ್ಟೂ ಫ್ಲೈ ಸಣ್ಣದು) ಮಿಡ್ಜ್, ಸಣ್ಣ ಮೇಫ್ಲೈ ಹುಳಗಳ ನಕಲು. 22ರ ಫ್ಲೈ ಅಂದರೆ ಉಗುರಿನ ತುದಿಯಲ್ಲಿ ಕೂರುತ್ತದೆ. ಅಂಗೈಯಗಲದ ತೆಳ್ಳನೆಯ ಒಂದು ಬಾಕ್ಸಿನಲ್ಲಿ ನೂರು ಹಿಡಿಸಬಹುದು. ಸ್ಟ್ರೀಮರ್ (ಸಣ್ಣ ಮೀನಿನ ಹಾಗೆ ಕಟ್ಟಿದ ದೊಡ್ಡ ಫ್ಲೈ) ಇಡುವ ದೊಡ್ಡ ಬಾಕ್ಸ್ ಬೇಕು ಅನ್ನಿಸಿದ ದಿನ ಅದನ್ನು ಬೇರೆ ತಗೊಂಡು ಹೋಗಿ. ಮನೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಇರಲಿ, ಹಿಂದಿನ ರಾತ್ರಿ ನಾಳೆಯ ಹೊಳೆಗೆ ಬೇಕಾದದ್ದನ್ನು ಮಾತ್ರ ಸಣ್ಣ ಬಾಕ್ಸಿಗೆ ಹಾಕಿ.

ಟಿಪ್ಪೆಟ್ಟೂ ಅಷ್ಟೇ. 5ಎಕ್ಸ್ ದಾರ 0.006 ಇಂಚು ದಪ್ಪ, 6ಎಕ್ಸ್ 0.005. ನಿಮ್ಮ ಹೊಳೆಗೆ 5, 6, 7 ಸಾಕು. 3ಎಕ್ಸ್ ಅಲ್ಲಿ ಯಾರಿಗೆ?

ರಾರಿಟನ್_ರಾಯ

ಸ್ವಲ್ಪ ತಡೀರಿ. ಎಲ್ಲ ಬಿಟ್ಟು ಹೋಗಿ ಅನ್ನುವುದು ಸುಲಭ. ಮಳೆ ಜಾಕೆಟ್ ಮಾತ್ರ ಬಿಡಬೇಡಿ. ಕೊಲರಾಡೋ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ, ಕ್ಯಾನ್ಯನ್ ಒಳಗಿದ್ದರೆ ಮೋಡ ಬರುವುದೂ ಕಾಣುವುದಿಲ್ಲ. ಗುಡುಗಿದ ಕೂಡಲೇ ರಾಡ್ ಕೆಳಗಿಡಿ, ಅದು ಬೇರೆ ಮಾತು.

ಡೆನ್ವರ್_ಗಾಳ

ಅಪ್‌ಡೇಟ್. ನೀವೆಲ್ಲ ಹೇಳಿದ್ದನ್ನು ಓದಿ ಅಡುಗೆಮನೆ ತಕ್ಕಡಿ ತಗೊಂಡು ಕೂತೆ. ಬಾಟಲಿ, ಊಟ, ಜಾಕೆಟ್ ಮೂರೇ ಸೇರಿ ಅರ್ಧಕ್ಕಿಂತ ಜಾಸ್ತಿ ತೂಕ. ಫ್ಲೈ ಫಿಶಿಂಗ್ ಸಾಮಾನು ಅಂದುಕೊಂಡದ್ದೆಲ್ಲ ಉಳಿದರ್ಧ.

ಆಮೇಲೆ ಅಂಗಡಿಗೆ ಹೋದೆ, ನನ್ನ ಸಾಮಾನೆಲ್ಲ ಚೀಲದಲ್ಲಿ ತಗೊಂಡು. ಖಾಲಿ ಬ್ಯಾಗು ಹಾಕಿ ಕನ್ನಡಿ ಮುಂದೆ ನಿಂತರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ತುಂಬಿಸಿ ಹಾಕಿದೆ, ಮೆಟ್ಟಿಲು ಹತ್ತಿ ಇಳಿದೆ, ಬಗ್ಗಿ ಶೂ ಲೇಸ್ ಕಟ್ಟಿದೆ. ಅಲ್ಲಿದ್ದ ಹುಡುಗ ವಿಚಿತ್ರವಾಗಿ ನೋಡಿದ, ನೋಡಲಿ. ಸ್ಲಿಂಗ್ ಅಲ್ಲೇ ಔಟ್, ಎರಡು ಸುತ್ತಿಗೇ ಕತ್ತು ಹಿಡಿಯಿತು. ಹಿಪ್ ಪ್ಯಾಕ್ ಸೊಂಟದ ಮೂಳೆ ಮೇಲೆ ಕೂರಿಸಿದಾಗ ಕತ್ತಿಗೆ ಏನೂ ಇಲ್ಲ. ಆದರೆ ಜಾಕೆಟ್ ಒಳಗೆ ತುರುಕಿದರೆ ಬಾಕ್ಸಿಗೆ ಜಾಗವಿಲ್ಲ.

ಕೊನೆಗೆ ತಗೊಂಡದ್ದು ಭುಜದ ಪಟ್ಟಿ ಇರುವ ಮಧ್ಯಮ ಸೈಜಿನ ಹಿಪ್ ಪ್ಯಾಕ್, ಕೆಳಗಡೆ ಹೊರಗಿನಿಂದ ಎರಡು ಪಟ್ಟಿ ಇದೆ, ಜಾಕೆಟ್ ಸುತ್ತಿ ಅಲ್ಲಿಗೆ ಕಟ್ಟುತ್ತೇನೆ. ಪಕ್ಕದಲ್ಲಿ ಫಿಲ್ಟರ್ ಬಾಟಲಿ. ಕೊರಳಿಗೆ ಲ್ಯಾನ್ಯಾರ್ಡ್ ನಾನೇ ಕಟ್ಟಿಕೊಂಡೆ. ಬಾಕ್ಸ್ ಎರಡು, ಹೋಗಲಿ ಮೂರು. ಪೂರ್ತಿ ವಾಟರ್‌ಪ್ರೂಫ್ ತಗೊಳ್ಳಲಿಲ್ಲ, ಮಂಡಿ ನೀರಿಗೆ ಅಷ್ಟು ದುಡ್ಡು ಯಾಕೆ ಅಂತ. ಫೋನ್ ಮತ್ತು ಕಾರಿನ ಕೀಗೆ ಸಣ್ಣ ಡ್ರೈ ಬ್ಯಾಗ್ ಒಳಗಿಟ್ಟಿದ್ದೇನೆ.

ಒಂದೇ ಸಮಸ್ಯೆ. ಇಳಿಜಾರಿನಲ್ಲಿ ಇಳಿಯುವಾಗ ಬ್ಯಾಗು ಹಿಂದಿನಿಂದ ತಳ್ಳಿದ ಹಾಗೆ ಆಗುತ್ತದೆ. ಬಿಗಿ ಮಾಡಿದರೆ ಹೊಟ್ಟೆಗೆ ಒತ್ತುತ್ತದೆ.

ಯಾಕಿಮಾ_ಕಡೆಯವನು

ಬೆಲ್ಟ್ ಬಿಗಿ ಮಾಡಬೇಡಿ, ಬ್ಯಾಗನ್ನು ಬೆನ್ನಿಗೆ ಹತ್ತಿರ ಎಳೆಯಿರಿ. ಪಕ್ಕದಲ್ಲಿ ಬೆಲ್ಟಿನಿಂದ ಬ್ಯಾಗಿನ ಮೇಲಂಚಿಗೆ ಎರಡು ಸಣ್ಣ ಪಟ್ಟಿ ಇರುತ್ತವೆ, ಅವು ಅದಕ್ಕೇ ಇರುವುದು. ಬಾಟಲಿ, ದೊಡ್ಡ ಬಾಕ್ಸ್ ಇವು ಬೆನ್ನಿಗೆ ತಾಗಿಕೊಂಡಿರಲಿ, ಹಗುರದ್ದು ಹೊರಗಿನ ಜೇಬಿಗೆ. ಟ್ರೇಲ್ ಇಳಿಯುವ ತನಕ ಭುಜದ ಪಟ್ಟಿಯನ್ನೂ ಸ್ವಲ್ಪ ಎಳೆದಿಡಿ, ಹೊಳೆ ಮುಟ್ಟಿದ ಮೇಲೆ ಸಡಿಲಿಸಿ.

ಡೆನ್ವರ್_ಗಾಳ

ಆ ಪಟ್ಟಿಗಳನ್ನು ಬಾಟಲಿ ಕಟ್ಟಲು ಇರಬೇಕು ಅಂದುಕೊಂಡಿದ್ದೆ. ಎಳೆದೆ, ಸರಿಯಾಯಿತು. ಥ್ಯಾಂಕ್ಸ್ ಗುರು.

ಪುಟಾ_ಕ್ರೀಕ್_ಪುಟ್ಟ

ಹೊಸ ಪ್ಯಾಕ್ ತಗೊಂಡವರಿಗೆ ಇನ್ನೊಂದು ಮಾತು. ಸೊಂಟದ ಬ್ಯಾಗು ನೀರು ಮುಟ್ಟೇ ಮುಟ್ಟುತ್ತದೆ. ನಮ್ಮ ಪುಟಾ ಕ್ರೀಕ್‌ನಲ್ಲಿ ನ್ಯೂಜಿಲೆಂಡ್ ಮಡ್ ಸ್ನೇಲ್ ಅನ್ನುವ ಬಸವನಹುಳು ಇದೆ, ಅಕ್ಕಿಕಾಳಿಗಿಂತ ಸಣ್ಣದೂ ಇರುತ್ತದೆ, ಒಂದೇ ಒಂದು ಬೇರೆ ಹೊಳೆಗೆ ಹೋದರೂ ಸಾಕು, ಅಲ್ಲಿ ಸಂತತಿ ಬೆಳೆಸುತ್ತದೆ. ಎಲ್ಲರೂ ಬೂಟು ತೊಳೆಯುತ್ತಾರೆ, ಬ್ಯಾಗಿನ ತಳ, ನೆಟ್, ಬೆಲ್ಟಿನ ಮಡಿಕೆ ಯಾರಿಗೂ ನೆನಪಾಗುವುದಿಲ್ಲ. ಮನೆಗೆ ಬಂದ ಮೇಲೆ ಬ್ರಷ್ ಹಾಕಿ ಉಜ್ಜಿ, ಜೇಬೆಲ್ಲ ತೆಗೆದು ಪೂರ್ತಿ ಒಣಗುವ ತನಕ ನೇತುಹಾಕಿ. ಬಾಕ್ಸ್‌ಗಳನ್ನೂ ತೆರೆದಿಡಿ, ಇಲ್ಲದಿದ್ದರೆ ಮುಂದಿನ ಶನಿವಾರ ಮುಳ್ಳೆಲ್ಲ ತುಕ್ಕು.

ತೀರ್ಥನ್_ಯಾತ್ರಿ

ಒಣಗಿಸುವಾಗ ಪರಾಠದ ಪೊಟ್ಟಣ ಒಳಗೇ ಉಳಿದಿದೆಯಾ ಅಂತಲೂ ನೋಡಿ. ಇರುವೆಗೆ ಕ್ಯಾಮೆರಾ ಬ್ಯಾಗು, ಫಿಶಿಂಗ್ ಬ್ಯಾಗು ಅಂತ ಭೇದ ಇಲ್ಲ.